ಹಾಲೇಶಪ್ಪ ಮಾಸ್ತರರ ಬ್ಲಾಗು

ಬ್ಯಾಡಗಿಯ ಹಾಲೇಶಪ್ಪ ಮಾಸ್ತರರು ಪ್ರತಿ ಭಾನುವಾರ ಹಾವೇರಿಯ ಸೈಬರ್ ಕೆಫೆಗೆ ಬಂದು ಬ್ಲಾಗು ಬರೆಯುತ್ತಾರೆ. ತಲೆಬರಹಕ್ಕೇ ಒಂದು ತಾಸು ಒದ್ದಾಡುತ್ತಾರೆ, ಮೊದಲ ಸಾಲನ್ನು ಹತ್ತು ಸಲ ಅಳಿಸುತ್ತಾರೆ, ಕೆಫೆ ನಡೆಸುವ ಶ್ರೀದೇವಿಯನ್ನು ಕರೆದು ಓದಿಸುತ್ತಾರೆ. ‘ಛಲೋ ಐತ್ರಿ ಸರ್’ ಎಂದರೂ ಸಮಾಧಾನವಿಲ್ಲ. ‘ಹುಡುಕಿದವರಿಗೆ ಇದು ಲಗೂ ಸಿಗತೈತೇನವಾ?’ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಬಸ್ ನಿಲ್ದಾಣದ ಬಗ್ಗೆ ಬರೆದರೂ ಅದರಲ್ಲಿ ಊರಿನ ಹೆಸರು, ತಾಯಿ ಜಯವ್ವನ ಹೆಸರು ಇರಲೇಬೇಕು. ಹನ್ನೊಂದು ವರ್ಷದ ಹಿಂದೆ, ಬೇರೆ ಜಾತಿಯವನನ್ನು ಮದುವೆಯಾಗಿ ಬಂದ ತಂಗಿ ಕಾವೇರಿಯನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದವರು ಇವರೇ. ಆಮೇಲೆ ಅವಳ ಸುಳಿವಿಲ್ಲ. ಕಳೆದ ವಾರ ಅವ್ವ ಬೆಲ್ಲ ಹಾಕಿ ಅರೆಯುತ್ತಿದ್ದ ಕೆಂಪು ಮೆಣಸಿನಕಾಯಿ ಚಟ್ನಿಯ ಬಗ್ಗೆ ಬರೆದಿದ್ದರು. ಇಂದು ಅದರ ಕೆಳಗೆ, ಹೆಸರಿಲ್ಲದೆ, ಒಂದೇ ಒಂದು ಪ್ರತಿಕ್ರಿಯೆ ಬಂದಿದೆ: ‘ಅಣ್ಣಾ, ಅವ್ವ ಅದಕ್ಕ ಬೆಲ್ಲ ಹಾಕತಿರಲಿಲ್ಲ.’