ನೀರು ಸೋಸುವ ಪದ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಗುರುಗುಂಟಾದ ಗದ್ದೆಮ್ಮನ ಕಾಲಿನಲ್ಲಿ ನಾರುಹುಣ್ಣು ಎದ್ದಿತು. ದಾರದಂಥ ಹುಳು ಹೊರಬರುವಾಗ ಎಳೆದದ್ದಕ್ಕೆ ಅದು ಒಳಗೇ ಹರಿದು, ಕೀವು ತುಂಬಿ, ಮೊಣಕಾಲು ಶಾಶ್ವತವಾಗಿ ಸೆಟೆದುಕೊಂಡಿತು. ಮರುವರ್ಷ ಒಂಬತ್ತು ವರ್ಷದ ಮಗಳು ದುರುಗವ್ವನಿಗೂ ಅದೇ ಹುಣ್ಣು. ನಂಜೇರಿದ ಮಗುವನ್ನು ಬಂಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ.

"ಇದು ದೇವರ ಸಿಟ್ಟಲ್ಲವ್ವಾ," ಎಂದ ಅಲ್ಲಿನ ಕಂಪೌಂಡರ್ ದಾವಲ್‌ಸಾಬ್. "ಮೆಟ್ಟಿಲಬಾವಿ ನೀರಾಗಿಂದ ಬರತೈತಿ. ಅರಿವಿ ಎರಡು ಪದರ ಮಾಡಿ, ಸೋಸಿ ಕುಡೀರಿ."

"ಇಷ್ಟ ಮಾತು ಮೊದಲ ಯಾರೂ ಹೇಳಲಿಲ್ಲಲ್ರೀ!" ಎಂದಳು ಗದ್ದೆಮ್ಮ.

ಊರಿಗೆ ಬಂದು ಹೇಳಿದರೆ, ಮಗಳು ಹೋದ ದುಃಖಕ್ಕೆ ಏನೋ ಆಡುತ್ತಾಳೆ ಎಂದು ಓಣಿಯವರು ಕನಿಕರಪಟ್ಟರೇ ಹೊರತು ಯಾರೂ ನೀರು ಸೋಸಲಿಲ್ಲ. ಆಗ ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ಒಂದು ಪದ ಕಟ್ಟಿದಳು. ಮಗಳ ಹೆಸರು, ಅವಳು ನರಳಿದ ಹದಿನೇಳು ದಿನ, ಕೊಡದ ಬಾಯಿಗೆ ಬಟ್ಟೆ ಕಟ್ಟುವ ಬಗೆ, ಎಲ್ಲವೂ ಅದರಲ್ಲಿದ್ದವು.

"ಸತ್ತ ಕೂಸಿನ ಹೆಸರು ಪದದಾಗ ಯಾಕ ತರತಿ?" ಎಂದು ಅತ್ತೆ ಮುದುಕಮ್ಮ ಅತ್ತಳು.

"ಬರೇ ನೀರಿನ ಮಾತು ಹೇಳಿದ್ರ ಯಾರು ಕೇಳಿದ್ರು, ಅತ್ತಿ? ಆಕಿ ಹೆಸರು ಹೇಳಿದ್ರ ತಾಯಂದ್ರು ಕೇಳ್ತಾರ."

ಕೇಳಿದರು. ಜೊತೆಗೆ ಬೀಸಲು ಕೂತವರು ಪದ ಕಲಿತರು, ಹಳೆಯ ಸೀರೆ ಹರಿದು ಕೊಡಕ್ಕೆ ಕಟ್ಟಿದರು. ಮಸ್ಕಿಗೆ ಮದುವೆಯಾಗಿ ಹೋದ ಹುಡುಗಿಯರು ಅಲ್ಲಿಯೂ ಹಾಡಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಓಣಿಯಲ್ಲಿ ನಾರುಹುಣ್ಣು ನಿಂತಿತು.

ಗದ್ದೆಮ್ಮ ಮಾತ್ರ ಮಗಳ ಹೆಸರಿದ್ದ ನುಡಿ ಬಂದಾಗ ಸುಮ್ಮನಾಗುತ್ತಿದ್ದಳು. ಉಳಿದ ಹೆಂಗಸರು ಅದನ್ನು ಅವಳ ಪರವಾಗಿಯೂ ತಾವೇ ಹಾಡುತ್ತಿದ್ದರು.