ಬಾರದ ಬಸ್ಸಿಗೆ ತುಂಬಿದ ಉಡಿ

ಚೆಂಬೂರಿನ ನಮ್ಮ ಕಾಲೊನಿಯಿಂದ ಸ್ಟೇಷನ್ನಿಗೆ ಹೋಗಲು ಆಗ ಇದ್ದದ್ದು ಜೌಗಿನ ನಡುವಿನ ಒಂದೇ ದಾರಿ. ಪೊದೆಗಳ ಹಿಂದೆ ಕಳ್ಳಭಟ್ಟಿ, ದಾರಿಯಲ್ಲಿ ಕುಡುಕರು. ನಡೆಯಲೊಲ್ಲದವರು ಟಾಂಗಾ ಹತ್ತಬೇಕು. ಸಂಬಳದಲ್ಲಿ ಬದುಕುವ ನಮಗೆ ಅದು ದಿನಾ ಆಗುವ ಮಾತಲ್ಲ. ನನ್ನ ಮಗಳು ಆ ವರ್ಷ ಏಳನೆಯ ಇಯತ್ತೆಯಲ್ಲಿದ್ದಳು. ಇಲ್ಲಿಯ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು, ಮುಂದಿನ ಕನ್ನಡ ಶಾಲೆ ದಾದರಿನ ಕಡೆ.

“ಬಸ್ ಬಂದ್ರ ಕಳಸೂಣು. ಆ ದಾರ್ಯಾಗ ಹುಡುಗೀನ್ನ ನಡಿಸೂದಿಲ್ಲ,” ಎಂದು ನಮ್ಮ ಯಜಮಾನರು ಹೇಳಿಬಿಟ್ಟಿದ್ದರು.

ಬಸ್ ಬಿಡುವ ಮಾತು ಎಂದೋ ಎದ್ದಿತ್ತು. ಅದಕ್ಕೆ ಅಡ್ಡಗಾಲು ಹಾಕಿದವರು ಟಾಂಗಾ ಮಾಲಕರ ಸಂಘದವರು. ಗಂಡಸರು ಅರ್ಜಿ ಕೊಟ್ಟು ಕೊಟ್ಟು ಸೋತಿದ್ದರು. ನಾವು ಹೆಂಗಸರು ಸಂಕ್ರಮಣದ ಅರಿಷಿಣ-ಕುಂಕುಮಕ್ಕೆ ಕಾರ್ಪೊರೇಟರ ಹೆಂಡತಿಯನ್ನೇ ಕರೆದೆವು. ಅವರ ತವರು ಬೆಳಗಾವಿ ಕಡೆ. ಉಡಿ ತುಂಬಿಸಿಕೊಂಡ ಮುತ್ತೈದೆ ಆ ಮನೆಯ ಮಗಳಿದ್ದಂತೆ, ಮನೆಯವರ ಮಾತು ತೆಗೆದುಹಾಕುವುದಿಲ್ಲ ಎಂದು ನಮ್ಮ ಲೆಕ್ಕಾಚಾರ. ನಮ್ಮ ರಾಜಕಾರಣವೆಲ್ಲ ಅಷ್ಟೇ. ಮಗಳಂತೂ ಹೊಸ ಶಾಲೆಗೆಂದು ಚೀಲವನ್ನೂ ಹೊಲಿದುಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಬೈದೆನಾದರೂ ಒಳಗೊಳಗೇ ನನಗೂ ಖುಷಿ.

ಅವರು ಬಂದರು, ಸಂಘದ ಅಧ್ಯಕ್ಷರ ಸ್ವಂತ ಟಾಂಗಾದಲ್ಲಿ. ಅದನ್ನು ನೋಡಿಯೇ ನನ್ನ ಅರ್ಧ ಜೀವ ಇಳಿದುಹೋಯಿತು. ಆದರೂ ಅಕ್ಕಿ, ಕಾಯಿ, ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟು ಉಡಿ ತುಂಬಿ, ಮಗಳ ಶಾಲೆಯ ವಿಷಯ ಹೇಳಿದೆ. ಕೆಟ್ಟ ಹೆಂಗಸಲ್ಲ, ಪೂರ್ತಿ ಕೇಳಿಸಿಕೊಂಡರು.

“ಮನ್ಯಾಗ ಹೇಳ್ತೀನ್ರಿ,” ಎಂದರು. “ಆದ್ರ ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ? ನೀವು ಇವತ್ತ ಕರದ್ರಿ. ಟಾಂಗಾ ಸಂಘದವ್ರು ದಿನಾ ಮುಂಜಾನೆ ನಮ್ಮ ಪಡಸಾಲ್ಯಾಗ ಕೂತಿರ್ತಾರ. ಇಲೆಕ್ಷನ್‌ದಾಗ ಓಡ್ಯಾಡಿದ್ದು ಅವರ ಟಾಂಗಾ. ನಮ್ಮ ಅತ್ತಿ ತೀರಕೊಂಡಾಗ ಮೊದಲ ಬಂದವ್ರೂ ಅವರ.”

ನನಗೆ ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ತೀರಿಸಿಕೊಳ್ಳಲಿ? ಹೊರಗೆ ಕಾಯುತ್ತಿದ್ದ ಟಾಂಗಾದವನಿಗೆ ಯಾರೋ ಎಳ್ಳುಬೆಲ್ಲ ಕೊಟ್ಟರು, ಅವನು ಕಣ್ಣಿಗೊತ್ತಿಕೊಂಡು ತಿಂದ. ಬಸ್ ಬಂದರೆ ಅವನ ಹೊಟ್ಟೆಯ ಪಾಡೂ ಕಷ್ಟವೇ ಇತ್ತು.

ಬಸ್ಸಿನ ವಿಚಾರ ಮುಂದಕ್ಕೆ ಹೋಯಿತೆಂದು ಬೇಸಿಗೆಯಲ್ಲಿ ತಿಳಿಯಿತು. ಮಗಳನ್ನು ನಾನೇ ದಿನಾ ಸ್ಟೇಷನ್ನಿನವರೆಗೆ ಬಿಟ್ಟು ಕರೆತರುತ್ತೇನೆ ಎಂದೆ. “ಹಾಸಿಗಿ ಹಿಡಿದ ನಮ್ಮವ್ವನ್ನ ಯಾರು ನೋಡ್ತಾರ?” ಎಂದರು ಯಜಮಾನರು.

ಜೂನ್‌ನಲ್ಲಿ ಶಾಲೆಗಳು ತೆರೆದವು. ಕಾಲೊನಿಯ ಗಂಡುಹುಡುಗರು ಕೆಸರು ತುಳಿಯುತ್ತ, ಗದ್ದಲ ಮಾಡುತ್ತ ಸ್ಟೇಷನ್ ಕಡೆ ಹೊರಟರು. ಅವರು ಮರೆಯಾಗುವತನಕ ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತಿದ್ದರೆ, ನನ್ನ ಮೇಲೆ ಹರಿಹಾಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಒಳಗೆ ಬಂದು, “ಅವ್ವಾ, ಬ್ಯಾಳಿ ಹಸನ ಮಾಡ್ಲೇನು?” ಎಂದು ಕೇಳಿದಳು.

ನಾನು ಮೊರ ಕೊಟ್ಟೆ.