ಪರಸವ್ವನ ಮೂಗು

ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಪರಸವ್ವನ ಮೂಗಿಗೆ ಬೆಲೆಯಿತ್ತು. ಯಾವ ರಾಶಿ ಹುಳಿಯಾಗಿದೆಯೆಂದು ಕಣ್ಣಿಗಿಂತ ಮೊದಲು ಅದು ಹೇಳುತ್ತಿತ್ತು. ಅವಳು ಮೂಸದೆ ಮಾಲೀಕ ಬಸಗೊಂಡಪ್ಪ ಒಂದು ಪೆಟ್ಟಿಗೆಯನ್ನೂ ಮುಚ್ಚಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಎಡ ಹೊಳ್ಳೆ ಕಟ್ಟಿತು. ಹಕ್ಕಳೆ ಕಿತ್ತರೆ ರಕ್ತ. ಆಮೇಲೆ ವಾಸನೆಯೇ ಹೋಯಿತು. ಬಬಲೇಶ್ವರದ ಡಾಕ್ಟರು, ಶೆಡ್ಡಿನಲ್ಲಿ ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆಯ ಅಲರ್ಜಿ ಎಂದು ಹನಿ ಕೊಟ್ಟರು. ಎರಡನೆಯ ಸಲವೂ ಹನಿ. ಮೂರನೆಯ ಸಲ ಬೇರೆ ಬಣ್ಣದ ಹನಿ. ಬಸಗೊಂಡಪ್ಪ ಅವಳನ್ನು ಹಣ್ಣಿನ ಕಡ್ಡಿ ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂರಿಸಿದ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. "ಮೂಗುತಿ ತಗೀರಿ. ಒಳಗ ಗಂಟೈತಿ, ಒಂದು ಚೂರು ತಗದು ಪರೀಕ್ಷಾಕ್ಕ ಕಳಸಬೇಕು."

ಜೊತೆಗಿದ್ದ ಅತ್ತೆ ಸಾವಂತ್ರವ್ವ ಎದ್ದೇ ನಿಂತಳು. "ನನ್ನ ಮಗ ಇನ್ನೂ ಗಟ್ಟಿ ಅದಾನ್ರಿ. ಗಂಡ ಇದ್ದಾಕಿ ನನ್ನಂಗ ಬೋಳು ಮೂಗು ಮಾಡ್ಕೊಂಡು ಕುಂದ್ರಬೇಕೇನು?"

ಬಸ್ಸು ಹತ್ತಿ ಬಂದುಬಿಟ್ಟರು. ತಿಂಗಳು ಕಳೆಯಿತು. ಮೂಗಿನ ತುದಿ ಕೆಂಪಗೆ ಊದಿತು. ಒಂದು ಬೆಳಿಗ್ಗೆ ಪರಸವ್ವ ಗಂಡ ಸಾಬಣ್ಣನ ಮುಂದೆ ಕನ್ನಡಿ ಕುಕ್ಕಿದಳು. "ನಿನ್ನ ಜೀವ ಈ ಮೂಗುತಿ ಹರಳಿನ್ಯಾಗ ಐತೇನು?"

ಸಾಬಣ್ಣ ತಾನೇ ಮೂಗುತಿಯ ತಿರುಪು ಬಿಚ್ಚಿ ತಾಯಿಯ ಕೈಗಿಟ್ಟ. "ಬಿಚ್ಚೀನಿ ನೋಡಬೇ ಯವ್ವಾ. ಸತ್ತೇನೇನು?"

ಚೂರು ತೆಗೆದು ಹದಿನೈದು ದಿನಕ್ಕೆ ಉತ್ತರ ಬಂತು. ಟಿ.ಬಿ.

"ಕೆಮ್ಮಿಲ್ಲ, ಕಫಿಲ್ಲ. ಮೂಗಿಗೆ ಹೆಂಗ ಬಂತ್ರಿ?" ಪರಸವ್ವ ಡಾಕ್ಟರಮ್ಮನನ್ನು ಕೇಳಿದಳು.

"ಅಪರೂಪಕ್ಕ ಬರ್ತೈತಿ. ಎದಿ ಫೋಟೋ ಚೊಲೋ ಐತಿ. ಆರು ತಿಂಗಳು, ಒಂದು ದಿನಾನೂ ಗುಳಿಗಿ ಬಿಡಬ್ಯಾಡ್ರಿ."

ಬಿಡಲಿಲ್ಲ. ಗುಳಿಗೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಹೊಟ್ಟೆ ತೊಳಸಿತು. ಎರಡು ತಿಂಗಳಿಗೆ ಗಾಯ ಮಾಯಿತು. ವಾಸನೆ ಮಾತ್ರ ಇಲ್ಲ. ಐದನೆಯ ತಿಂಗಳಿಗೂ ಇಲ್ಲ. ದಿನಾ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿಯುವಳು, ಏನೂ ಸಿಗದೆ ಸಿಟ್ಟಿನಿಂದ ಅಂಗಳಕ್ಕೆ ಎಸೆಯುವಳು.

ಗುಳಿಗೆ ಮುಗಿದ ವಾರ, ಶೆಡ್ಡಿನಲ್ಲಿ ಕಡ್ಡಿ ಬಿಡಿಸುತ್ತಿದ್ದ ಕೈ ಥಟ್ಟನೆ ನಿಂತಿತು. ಎದ್ದು ಹೋಗಿ ಮೂರನೆಯ ರಾಶಿಗೆ ಮುಖ ತಗ್ಗಿಸಿದಳು. ತೆಳ್ಳಗೆ, ಎಲ್ಲೋ ದೂರದಿಂದ ಬಂದಂತೆ, ಹುಳಿ.

"ಇದು ಕೆಟ್ಟೈತ್ರಿ."

ಬಸಗೊಂಡಪ್ಪ ಕೆದಕಿದ. ತಳದಲ್ಲಿ ಹಣ್ಣು ಅಂಟಂಟಾಗಿತ್ತು. ಆದರೆ ಅವನ ಕಣ್ಣು ಅವಳ ಮೂಗಿನ ಮುಚ್ಚಿಹೋದ ತೂತಿನ ಮೇಲಿತ್ತು.

"ಮೂಗುತಿ ಎಲ್ಲೈತಿ ಪರಸವ್ವ?"

"ನಿಮ್ಮ ದ್ರಾಕ್ಷಿಗೆ ಮೂಗು ಬೇಕೋ, ಮೂಗುತಿ ಬೇಕೋ ಹೇಳ್ರಿ."

ಅವನು ಮುಂದಿನ ಪೆಟ್ಟಿಗೆಯನ್ನು ಅವಳತ್ತ ಸರಿಸಿದ.